ಡಿಶ್ ಹಾಕಸೋದೋ, ಕೇಬಲ್ ಇಟ್ಗೊಳ್ಳೋದೋ?

ಅಕ್ಕಾರ, ವೈನಿಯವರ, ಈ ಸಲ ಅಡಗಿ ಮಾತೂ ಅಲ್ಲ, ಹಬ್ಬದ ಮಾತೂ ಅಲ್ಲ, ಟಿವಿ ಮಾತು. ಹೋದ ತಿಂಗಳ ನಾಲ್ಕು ಮಂದಿ ಫೋನ್ ಮಾಡಿ ಒಂದೇ ಪ್ರಶ್ನಿ ಕೇಳಿದ್ರು, "ನಿಮ್ಮನ್ಯಾಗ ಏನದ? ಡಿಶ್ಶೋ, ಕೇಬಲ್ಲೋ? ಯಾವುದು ಛಲೋ?" ಅಂತ. ಒಬ್ಬೊಬ್ಬರಿಗೆ ಹೇಳಿ ಹೇಳಿ ಬಾಯಿ ನೋಯಿಸ್ಕೊಳ್ಳೋದಕ್ಕಿಂತ ಒಮ್ಮೆ ಕೂತು ಬರದುಬಿಡೋಣ ಅಂತ ಕೂತೀನಿ. ನಮ್ಮ ಸಂಬಂಧದಾಗ ಮೂರು ಮನಿ, ಮೂರೂ ಕಡೆ ಮೂರು ನಮೂನಿ ಟಿವಿ. ಹುಬ್ಬಳ್ಳಿಯ ನಮ್ಮ ಮನ್ಯಾಗ ರೊಕ್ಕ ತುಂಬೋ ಡಿಶ್, ಕಲಘಟಗಿ ಕಡೆ ನಮ್ಮ ತವರುಮನ್ಯಾಗ ಸರಕಾರದ ಪುಕ್ಕಟೆ ಡಿಶ್, ಧಾರವಾಡದಾಗ ನಮ್ಮ ಅತ್ತಿಯವರ ಮನ್ಯಾಗ ಕೇಬಲ್. ಮೂರೂ ಅವರವರ ಜಾಗಾಕ್ಕ ಬರೋಬ್ಬರಿ ಅವ. ಯಾಕ ಅಂತ ಹೇಳ್ತೀನಿ.

ಮೊದಲ ನಮ್ಮ ಮನಿ. ನಾವಿರೋದು ಮೂರನೇ ಮಜಲಿ. ಡಿಶ್‌ಗೆ ಚಿತ್ರ ಕಳಸೋ ಉಪಗ್ರಹ ಭೂಮಿ ನಡುಗೆರಿ ಮ್ಯಾಲೆ ಸುಮಾರು 36,000 ಕಿಲೋಮೀಟರ್ ಎತ್ತರದಾಗ ಇರ್ತದ. ಭೂಮಿ ತಿರುಗಿದಂಗ ಅದೂ ತಿರುಗ್ತದ, ಅದಕ್ಕ ನಮಗ ಅದು ಒಂದೇ ಕಡೆ ನಿಂತಂಗ. ನಮ್ಮ ಹುಬ್ಬಳ್ಳಿ-ಧಾರವಾಡದಿಂದ ನೋಡಿದ್ರ ಅದು ಇರೋದು ಹೆಚ್ಚುಕಮ್ಮಿ ಆಗ್ನೇಯದ ಕಡೆ. ಅಡಗಿಮನಿ ಮೂಲಿನೇ ಅಂತ ಇಟ್ಗೋರಿ, ಮರಿಯೂದಿಲ್ಲ. ಆ ಕಡೆ ನಮಗ ಆಕಾಶ ಖುಲ್ಲಾ ಅದ. ಗಿಡ ಇಲ್ಲ, ಮುಂದ ಎತ್ತರದ ಬಿಲ್ಡಿಂಗ್ ಇಲ್ಲ. ಆರು ವರ್ಷ ಆತು, ಎರಡೇ ಎರಡು ಸಲ ಮನಿಗೆ ಮನುಷಾನ್ನ ಕರಸೇವಿ.

ತ್ರಾಸ ಇಲ್ಲಂತಲ್ಲ. ಜೋರ ಮಳಿ ಬಂತಂದ್ರ "ಸಿಗ್ನಲ್ ಇಲ್ಲ" ಅಂತ ತೋರಸ್ತದ. ಆಕಾಶದಿಂದ ಬರೋ ಸಿಗ್ನಲ್ಲನ್ನ ಮಳಿನೀರು ನುಂಗ್ತದ, ನಮ್ಮ ಸಣ್ಣ ಛತ್ರಿಗೆ ಉಳಿದದ್ದು ಸಾಲೂದಿಲ್ಲ. ಹತ್ತು-ಹದಿನೈದು ನಿಮಿಷ ತಡದ್ರ ತಾನೇ ಬರ್ತದ. ಜಿಟಿಜಿಟಿ ಮಳಿಗೆ ಏನೂ ಆಗೂದಿಲ್ಲ. ಇನ್ನೊಂದು, ಮಾರ್ಚ್ ಮತ್ತ ಅಕ್ಟೋಬರ್ ಸುಮಾರಿಗೆ ಕೆಲವು ದಿವಸ ಹಗಲಿನ್ಯಾಗ ಕೆಲವು ನಿಮಿಷ ಚಿತ್ರ ಹೋಗ್ತದ. ಆಗ ಸೂರ್ಯ ನೆಟ್ಟಗ ಉಪಗ್ರಹದ ಹಿಂದ ಬಂದು ನಿಂತಿರ್ತಾನ. ಕೇಬಲ್ ಇದ್ದವರಿಗೂ ಇದು ತಪ್ಪಿದ್ದಲ್ಲ, ಯಾಕಂದ್ರ ಕೇಬಲ್‌ದವರೂ ಚಾನೆಲ್ ಇಳಿಸ್ಕೊಳ್ಳೋದು ಆಕಾಶದಿಂದನ. ಇದು ಗೊತ್ತಿಲ್ಲದ ಡಬ್ಬಿ ಕೆಟ್ಟದ ಅಂತ ಹೊಸಾದು ತರಬ್ಯಾಡ್ರಿ.

ಇನ್ನ ತವರುಮನಿ. ಅಲ್ಲೆ ಅಣ್ಣ-ವೈನಿ ಹೊಲದಾಗ ಮನಿ ಕಟ್ಟ್ಯಾರ. ಊರಿಂದ ಎರಡು ಕಿಲೋಮೀಟರ್ ದೂರ. ಒಂದು ಮನಿ ಸಲುವಾಗಿ ಅಷ್ಟುದ್ದ ವಾಯರ್ ಎಳಿಯೋ ಕೇಬಲ್‌ದವನು ಯಾರಿದ್ದಾನ ಹೇಳ್ರಿ? ಅವರು ಡಿಡಿ ಫ್ರೀ ಡಿಶ್ ಹಾಕಸ್ಯಾರ. ಇದು 2004ರ ಡಿಸೆಂಬರ್‌ನ್ಯಾಗ "ಡಿಡಿ ಡೈರೆಕ್ಟ್ ಪ್ಲಸ್" ಅನ್ನೋ ಹೆಸರಿಲೆ ಶುರು ಆದದ್ದು. ತಿಂಗಳಾ ಏನೂ ತುಂಬೋದಿಲ್ಲ. ಡಬ್ಬಿ, ಛತ್ರಿ, ವಾಯರ್, ಹಚ್ಚಿದವನ ಕೂಲಿ ಎಲ್ಲಾ ಸೇರಿ ಅಣ್ಣನಿಗೆ ಎರಡು ಸಾವಿರದ ಒಳಗ ಮುಗೀತು. ಚಂದನ ಬರ್ತದ, ಸುದ್ದಿ ಬರ್ತದ, ಹಿಂದಿ ಸಿನೆಮಾ ಬೇಕಾದಷ್ಟು ಬರ್ತಾವ. ಆದ್ರ ವೈನಿಗೆ ಬೇಕಾದ ರಾತ್ರಿ ಸೀರಿಯಲ್‌ದ ಚಾನೆಲ್ಲು ಅದರಾಗ ಇಲ್ಲ. "ಅದನ್ನ ಅವ್ವ ಫೋನಿನ್ಯಾಗ ಕತಿ ಹೇಳ್ತಾಳಲ್ಲ, ಅಷ್ಟು ಸಾಕು," ಅಂತಾಳ. ಹೊಲದಾಗ ದುಡದು ಬಂದು ಎಂಟೂವರಿಗೆ ಮಲಗೋ ಮನಿಗೆ ಅದು ಸಾಕು.

ಮೂರನೇದು ಅತ್ತಿಯವರ ಮನಿ. ಈ ಮನಿ ವಿಷಯಕ್ಕನ ನಮ್ಮಲ್ಲೆ ಒಂದು ತಿಂಗಳ ಮಾತು ನಡೀತು.

ಅತ್ತಿಯವರಿಗೆ ಈಗ 78. ಮಾವನವರು ಹೋದ ಮ್ಯಾಲೆ ಮಾಳಮಡ್ಡಿ ಮನ್ಯಾಗ ಒಬ್ಬರ ಇರ್ತಾರ. ನಮ್ಮ ಕಡೆ ಬರ್ರಿ ಅಂದ್ರ ಬರೂದಿಲ್ಲ, ಬಂದ್ರೂ ನಾಲ್ಕನೇ ದಿವಸಕ್ಕ "ತುಳಸಿಗೆ ನೀರು ಹಾಕವ್ರು ಯಾರು" ಅಂತ ಚೀಲ ತುಂಬ್ತಾರ. ಮುಂಜಾನೆ ಪೂಜಿ ಮುಗಿಸಿ ಟಿವಿ ಹಚ್ಚಿದ್ರ ಮಧ್ಯಾಹ್ನ ಮಲಗೋತನಕಾ, ಮತ್ತ ಸಂಜಿ ದೀಪ ಹಚ್ಚಿದ ಮ್ಯಾಲಿಂದ ರಾತ್ರಿ ಹತ್ತರತನಕಾ ಅದು ನಡದಿರ್ತದ. ನೋಡ್ತಾರ ಅಂತಲ್ಲ. ಅಡಗಿಮನ್ಯಾಗ ಪಲ್ಯ ಹೆಚ್ಚಕೋತ ಕೇಳ್ತಾರ. ಮನ್ಯಾಗ ಒಂದು ದನಿ ಬೇಕು. ಒಬ್ಬರ ಇರೋ ಹೆಣ್ಣುಮಕ್ಕಳಿಗೆ ಇದನ್ನ ನಾ ಬಿಡಿಸಿ ಹೇಳೋದು ಬ್ಯಾಡ.

ಅವರಿಗೆ ಇಪ್ಪತ್ತು ವರ್ಷದಿಂದ ಕೇಬಲ್ ಕೊಡ್ತಿದ್ದವನು ಹೋದ ವರ್ಷ ತನ್ನ ಲೈನ್ ಮತ್ತೊಬ್ಬರಿಗೆ ಕೊಟ್ಟ. ಹೊಸಬರು ಬಂದು, ಡಬ್ಬಿ ಬದಲಿ ಮಾಡಬೇಕು, ಹದಿನೈದು ದಿವಸದಾಗ ಹೂಂ ಅನ್ನರಿ ಇಲ್ಲಾ ಉಹುಂ ಅನ್ನರಿ ಅಂದ್ರು. ಮಕ್ಕಳೆಲ್ಲಾ ಜಾಗೃತ ಆದ್ರು. ಪುಣೆದಾಗಿನ ನಮ್ಮ ಮೈದುನ, "ಕೇಬಲ್ ಕಿತ್ತು ಒಗೀರಿ, ಡಿಶ್ ಹಾಕಸೂಣು, ನಾ ಇಲ್ಲಿಂದನ ವರ್ಷದ್ದು ರೀಚಾರ್ಜ್ ಮಾಡ್ತೀನಿ" ಅಂದ. ನಮ್ಮವರು, "ಎರಡೂ ಬ್ಯಾಡ, ಇಂಟರ್‌ನೆಟ್ ಹಾಕಸಿ ದೊಡ್ಡ ಟಿವಿ ಇಡೋಣ" ಅಂದ್ರು. ನಾದಿನಿ, "ಅವ್ವಗ ರಿಮೋಟ್‌ದ ತ್ರಾಸ ಆಗದಂಗ ನೋಡ್ರಿ" ಅಂದ್ಲು. ಲೆಕ್ಕ ಹಾಕೋ ಕೆಲಸ ನನ್ನ ಪಾಲಿಗೆ ಬಂತು. ಒಂದು ಹಳೇ ಕ್ಯಾಲೆಂಡರ್ ಹಿಂದ ಬರಕೋತ ಕೂತೆ.

ಈ ಲೆಕ್ಕ ನಿಮಗೂ ಬೇಕಾಗ್ತದ, ಅದಕ್ಕ ಬಿಡಿಸಿ ಹೇಳ್ತೀನಿ. ಮೊದಲಿನ ಕಾಲದಾಗ ಕೇಬಲ್‌ದವನು ಏನ ಬಿಡ್ತಿದ್ದನೋ ಅದನ್ನ ನಾವು ನೋಡ್ತಿದ್ವಿ, ಅವನು ಕೇಳಿದಷ್ಟು ಕೊಡ್ತಿದ್ವಿ. 2019ರ ಫೆಬ್ರವರಿಯಿಂದ ಟ್ರಾಯ್‌ದ ಹೊಸ ನಿಯಮ ಬಂತು. ಆವಾಗಿಂದ ಬಿಲ್ಲಿನ್ಯಾಗ ಎರಡು ಭಾಗ. ಒಂದು, ಲೈನ್ ಕೊಟ್ಟಿದ್ದಕ್ಕ ಕೊಡೋ ಬಾಡಿಗಿ. ಇದಕ್ಕ ನೆಟ್‌ವರ್ಕ್ ಕೆಪ್ಯಾಸಿಟಿ ಫೀ ಅಂತಾರ. ಎರಡನೇದು, ಚಾನೆಲ್‌ಗಳ ರೊಕ್ಕ. ಆಗ ಮೊದಲಿನ 100 ಚಾನೆಲ್ಲಿಗೆ ಬಾಡಿಗಿ 130 ರೂಪಾಯಿ ಮೀರಬಾರದು ಅಂತ ಇತ್ತು, 18 ಪರ್ಸೆಂಟ್ ಜಿಎಸ್‌ಟಿ ಸೇರಿ 153 ರೂಪಾಯಿ 40 ಪೈಸೆ. 2020ರ ಮಾರ್ಚಿನಿಂದ ಅದೇ ರೊಕ್ಕಕ್ಕ 200 ಚಾನೆಲ್ ಅಂತ ಆತು. 2024ರ ಜುಲೈನಾಗ ಆ ಮಿತಿನ ತಗದ್ರು. ಈಗ ಒಬ್ಬೊಬ್ಬರು ಒಂದೊಂದು ಇಡಬಹುದು. ಅದಕ್ಕ ಡಿಶ್ ಇರಲಿ, ಕೇಬಲ್ ಇರಲಿ, ಮೊದಲ ಕೇಳೋ ಮಾತು, "ನಿಮ್ಮ ಲೈನ್ ಬಾಡಿಗಿ ಎಷ್ಟು? ಚಾನೆಲ್ ರೊಕ್ಕ ಎಷ್ಟು? ಬ್ಯಾರೆ ಬ್ಯಾರೆ ಹೇಳ್ರಿ."

ಚಾನೆಲ್‌ದಾಗನೂ ಎರಡು ನಮೂನಿ. ಪುಕ್ಕಟೆ ಚಾನೆಲ್ಲಿಗೆ ಬ್ಯಾರೆ ರೊಕ್ಕ ಇಲ್ಲ. ರೊಕ್ಕದ ಚಾನೆಲ್ಲಿಗೆ ಒಂದೊಂದಕ್ಕ ಒಂದು ದರ, ಅದನ್ನ ಡಬ್ಬಿಯ ಗೈಡ್‌ನ್ಯಾಗ ತೋರಸಬೇಕು ಅಂತ ನಿಯಮ ಅದ. ಬಿಡಿಯಾಗಿ ತಗೋಬಹುದು, ಗುಂಪಾಗಿ ತಗೋಬಹುದು. ಗುಂಪು ಅಂದ್ರ ಕಾಯಿಪಲ್ಯದ ಸಂತ್ಯಾಗ ಕೊತ್ತಂಬರಿ ಸಂಗಾಟ ಬಾಡಿದ ಮೆಂತೆ ಸೂಡು ಕಟ್ಟಿ ಕೊಟ್ಟಂಗ. ನಿಮಗ ಬೇಕಾದದ್ದು ನಾಲ್ಕು, ಬರೋದು ಇಪ್ಪತ್ತು. ಒಂದೊಂದ ಸಲ ಬಿಡಿಗಿಂತ ಗುಂಪು ಅಗ್ಗ ಇರ್ತದ, ಅದು ಸುಳ್ಳಲ್ಲ. ಆದ್ರ ಲೆಕ್ಕ ಹಾಕಿ ನೋಡದ ಹೂಂ ಅನಬ್ಯಾಡ್ರಿ. ಒಂದು ಉದಾಹರಣಿ ಕೊಡ್ತೀನಿ. ಬಾಡಿಗಿ 130 ಅಂತನ ಹಿಡೀರಿ. ಒಂದೊಂದು 19 ರೂಪಾಯಿಯ ನಾಲ್ಕು ಚಾನೆಲ್ ಬಿಡಿಯಾಗಿ ತಗೊಂಡ್ರ 76. ಕೂಡಿ 206. ಅದರ ಮ್ಯಾಲೆ ಜಿಎಸ್‌ಟಿ 37 ರೂಪಾಯಿ 8 ಪೈಸೆ. ಒಟ್ಟು 243 ರೂಪಾಯಿ ಚಿಲ್ಲರೆ. ಇದಕ್ಕಿಂತ ಭಾಳ ಮ್ಯಾಲೆ ಹೇಳಿದ್ರ ಯಾವ ಚಾನೆಲ್ ಸಲುವಾಗಿ ಅಂತ ಕೇಳ್ರಿ. ಎಚ್‌ಡಿ ಚಾನೆಲ್ಲಿನ ದರ ಸಾದಾ ಚಾನೆಲ್ಲಿಗಿಂತ ಸಹಜ ಹೆಚ್ಚಿರ್ತದ. ಹಳೇ ಸಣ್ಣ ಟಿವಿಗೆ ಅದು ದಂಡ.

ಯಾವ ಚಾನೆಲ್ ಬೇಕು ಅಂತ ಬಾಯಿಲೆ ಕೇಳಿದ್ರ ಎಲ್ಲಾರೂ "ಎಲ್ಲಾ ಬೇಕು" ಅಂತಾರ. ಒಂದು ವಾರ ಟಿವಿ ಬಾಜೂಕ ಹಾಳಿ-ಪೆನ್ನು ಇಡ್ರಿ, ನೋಡಿದ್ದನ್ನ ಬರೀರಿ. ಅತ್ತಿಯವರ ಹಾಳ್ಯಾಗ ಬಂದದ್ದು ಒಂಬತ್ತು ಚಾನೆಲ್. ಅದರಾಗ ಮೂರು ಪುಕ್ಕಟೆವು.

ಲೆಕ್ಕದಾಗ ಡಿಶ್ ತಿಂಗಳಿಗೆ ಇಪ್ಪತ್ತೈದು ರೂಪಾಯಿ ಕಮ್ಮಿ ಬಂತು. ಆದ್ರ ಮಾಳಮಡ್ಡಿ ಮನಿ ಆಗ್ನೇಯಕ್ಕ ಬಾಜೂ ಮನಿ ಮಾವಿನ ಗಿಡ ಅದ, ದೊಡ್ಡದು. ಛತ್ರಿ ಹಚ್ಚಲಿಕ್ಕೆ ಬಂದು ನೋಡಿದ ಹುಡುಗ, "ಗಚ್ಚಿ ಆ ತುದಿಗೆ ಪೈಪ್ ಹಾಕಿ ಎತ್ತರಿಸಿದ್ರ ಬರ್ತದ್ರಿ" ಅಂದ. ಧಾರವಾಡದ ಮಂಗ್ಯಾಗಳು ನಿಮಗ ಗೊತ್ತವ. ಎತ್ತರದ ಪೈಪ್ ಕಂಡ್ರ ಅವು ಸುಮ್ಮ ಬಿಡ್ತಾವೇನು? ಛತ್ರಿ ಒಂದು ಬೆರಳಷ್ಟು ಸರದ್ರೂ ಚಿತ್ರ ಇಲ್ಲ. ಅದನ್ನ ಸರಿ ಮಾಡ್ಲಿಕ್ಕೆ ಗಚ್ಚಿ ಹತ್ತವರು ಯಾರು?

ಕೇಬಲ್ಲಿಗೂ ಅದರದೇ ರೋಗ ಅವ, ಮುಚ್ಚಿಡೋದು ಬ್ಯಾಡ. ಕಂಟ್ರೋಲ್ ರೂಮಿನಿಂದ ಓಣಿತನಕಾ ಬಂದು, ಅಲ್ಲಿಂದ ಕಂಬ ಕಂಬ ಹಾದು ಮನಿಗೆ ವಾಯರ್ ಬರ್ತದ. ನಡುವ ಸಿಗ್ನಲ್ ಜೋರ ಮಾಡೋ ಡಬ್ಬಿಗೋಳು ಇರ್ತಾವ, ಅವಕ್ಕ ಕರೆಂಟ್ ಬೇಕು. ನಮ್ಮ ಮನ್ಯಾಗ ಇನ್ವರ್ಟರ್ ಇದ್ರೂ ಓಣ್ಯಾಗ ಕರೆಂಟ್ ಹೋಗಿ ಆ ಡಬ್ಬಿ ಬಂದ್ ಆತಂದ್ರ ಟಿವಿ ಬರೂದಿಲ್ಲ. ಟೊಂಗಿ ಬಿದ್ರ ವಾಯರ್ ಹರೀತದ, ರಸ್ತೆ ಅಗದ್ರ ಹರೀತದ. ಡಿಶ್‌ದಾಗ ಆ ಕಟಿಪಿಟಿ ಇಲ್ಲ, ಮನ್ಯಾಗ ಇನ್ವರ್ಟರ್ ಇದ್ರ ಟಿವಿ ಅದ.

ಇಂಟರ್‌ನೆಟ್ ಟಿವಿ ಮಾತು ಅತ್ತಿಯವರು ಹತ್ತು ನಿಮಿಷದಾಗ ಮುಗಿಸಿದ್ರು. ನಮ್ಮ ಮನಿಗೆ ಬಂದಾಗ ತೋರಿಸಿದ್ವಿ. "ಹಚ್ಚಿದ ಕೂಡಲೆ ಏನರೆ ಮಾತಾಡಬೇಕವಾ. ಇದು ನನ್ನನ್ನ ಏನು ಬೇಕು ಅಂತ ಕೇಳ್ಕೋತ ಕೂಡ್ತದಲ್ಲ," ಅಂದ್ರು.

ಆಮ್ಯಾಲೆ ಲೆಕ್ಕದ ಹಾಳಿ ಅವರ ಮುಂದಿಟ್ಟು, "ಅತ್ತಿ, ನಿಮಗ ಯಾವುದು ಬೇಕು, ನೀವ ಹೇಳ್ರಿ" ಅಂದೆ. ಚಷ್ಮಾ ಏರಿಸಿ ಪೂರ್ತಿ ಓದಿದ್ರು. ಇಪ್ಪತ್ತೈದು ರೂಪಾಯಿ ಕಮ್ಮಿ ಅನ್ನೋದನ್ನೂ ಓದಿದ್ರು. ಆಮ್ಯಾಲೆ ಕೇಳಿದ್ರು:

"ರೊಕ್ಕ ಅವನು ಪುಣೆದಾಗ ಕೂತು ತುಂಬಿದ್ರ, ಒಂದು ಚಾನೆಲ್ ಬೇಕು ಅಂದಾಗ ನಾ ಅವನ್ನ ಕೇಳಬೇಕಲ್ಲ?"

"ಕೇಳಿದ್ರ ಏನಾತ್ರಿ, ಮಗಾನ ಅಲ್ಲೇನು?"

"ಮಗಾನ. ಅದಕ್ಕ ಕೇಳೂದಿಲ್ಲ."

ಮತ್ತ ಬಾಜೂ ಮನಿ ಕಾಕು ಮಾತು ಹೇಳಿದ್ರು. ಕಾಕು ಮನ್ಯಾಗ ಡಿಶ್ ಅದ. ಬೆಂಗಳೂರಾಗಿನ ಮಗ ರೀಚಾರ್ಜ್ ಮಾಡ್ತಾನ, ಒಂದು ತಿಂಗಳೂ ತಪ್ಪಿಸಿಲ್ಲ, ಛಲೋ ಹುಡುಗ. ಹೋದ ದೀಪಾವಳಿಗೆ ಪ್ಯಾಕ್ ಬದಲಿ ಮಾಡಿದಾಗ ಕಾಕುನ ಮರಾಠಿ ಸೀರಿಯಲ್ ಚಾನೆಲ್ ಅದರಾಗ ಬರಲಿಲ್ಲ. ಕಾಕುನ ತವರು ಮೀರಜ್. ಸಂಜಿ ಆ ಒಂದು ತಾಸು ಮರಾಠಿ ಕೇಳೋದು ಅವರಿಗೆ ತವರಿಗೆ ಹೋಗಿ ಬಂದಂಗ. ಮಗನಿಗೆ ಗೊತ್ತಾಗಲಿಲ್ಲ, ಕಾಕು ಹೇಳಲಿಲ್ಲ. "ಅವನು ರೊಕ್ಕ ಕೊಡ್ತಾನ, ಅದರ ಮ್ಯಾಲೆ ನಂದೊಂದು ಬೇಡಿಕಿ ಯಾಕ" ಅಂತ ನಾಲ್ಕು ತಿಂಗಳು ಬಂದದ್ದನ್ನ ನೋಡಿಕೋತ ಕೂತಾರ.

ಇದನ್ನ ಕೇಳಿದ ಮ್ಯಾಲೆ ಇಪ್ಪತ್ತೈದು ರೂಪಾಯಿ ಉಳಿಸೋ ಮಾತು ನಮ್ಮ ಮನ್ಯಾಗ ಯಾರೂ ಎತ್ತಲಿಲ್ಲ.

ಅತ್ತಿಯವರ ಕೇಬಲ್ ರೊಕ್ಕ ಹೋಗೋದು ಅವರ ಪೆನ್ಶನ್‌ದಿಂದ. ತಿಂಗಳಾ ಮೊದಲನೇ ವಾರ ವಸೂಲಿಗೆ ಹುಡುಗ ಬರ್ತಾನ. ಇವರು ದೇವರ ಮಾಡದ ಡಬ್ಬ್ಯಾಗಿಂದ ರೊಕ್ಕ ತಗದು ಎಣಿಸಿ ಕೊಡ್ತಾರ, ಪಾವತಿ ಇಸ್ಗೋತಾರ, "ಹೋದ ವಾರ ಎರಡು ದಿವಸ ಸರಿ ಇರಲಿಲ್ಲಲ್ಲೋ" ಅಂತ ಬೈತಾರ, ಆಮ್ಯಾಲೆ ಅವನಿಗೆ ಒಗ್ಗರಣಿ ಅವಲಕ್ಕಿ ಕೊಡ್ತಾರ. ಹಿಂದಿನವನೂ ಹಂಗ ಬರ್ತಿದ್ದ. ಒಂದು ಸಲ ಅವನು ಬಂದಾಗ ಬಾಗಲಾ ತಗೀಲಿಕ್ಕೆ ಇವರಿಗೆ ಏಳಲಿಕ್ಕೆ ಆಗಿರಲಿಲ್ಲ, ಜ್ವರ. ಕಿಡಕ್ಯಾಗಿಂದ ನೋಡಿ, ಬಾಜೂ ಮನಿ ಕಾಕುನ ಕರದು, ಕಾಕು ನಮಗ ಫೋನ್ ಹಚ್ಚಿದ್ರು. ಒಂದೂವರಿ ತಾಸಿನ್ಯಾಗ ನಾವಲ್ಲೆ ಇದ್ವಿ. ತಿಂಗಳಿಗೊಮ್ಮೆ ಮನಿ ಬಾಗಲಿಗೆ ಒಬ್ಬ ಮನುಷಾ ಬರೋದು ಒಬ್ಬರ ಇರೋ ಮನಿಗೆ ಎಷ್ಟು ದೊಡ್ಡದು ಅಂತ ಯಾವ ಪ್ಯಾಕಿನ ಹಾಳಿಯೊಳಗೂ ಬರದಿರೂದಿಲ್ಲ.

ಕೇಬಲ್ ಅಂತನ ಠರಾವು ಆತು. ಆದ್ರ ಹೊಸಬರಿಗೆ ಹೂಂ ಅನ್ನೋ ಮೊದಲ ಮೂರು ಮಾತು ಖಚಿತ ಮಾಡ್ಕೊಂಡ್ವಿ. ಒಂದು, ಚಾನೆಲ್ ಪಟ್ಟಿ ಮತ್ತ ದರ ಹಾಳಿ ಮ್ಯಾಲೆ ಬರದು ಕೊಡಬೇಕು. ಎರಡು, ದೂರಿನ ನಂಬರ್ ಜೊತಿಗೆ ಓಣಿ ನೋಡೋ ಹುಡುಗನ ನಂಬರೂ ಕೊಡಬೇಕು. ಮೂರು, ಅತ್ತಿಯವರು ನಮ್ಮಲ್ಲೆ ಬಂದು ತಿಂಗಳಗಟ್ಟಲೆ ಇದ್ರ ಆ ಅವಧಿಗೆ ಲೈನ್ ಬಂದ್ ಇಟ್ಟು ರೊಕ್ಕ ಬಿಡಬೇಕು. ಮೂರಕ್ಕೂ ಒಪ್ಪಿದ್ರು. ಕೇಳದಿದ್ರ ಯಾರೂ ತಾವಾಗಿ ಹೇಳೂದಿಲ್ಲ ಅನ್ನೋದು ಬ್ಯಾರೆ ಮಾತು. ಹೊಸ ರಿಮೋಟಿನ್ಯಾಗ ಬೇಕಾದ ನಾಲ್ಕು ಬಟನ್‌ಗೆ ಕೆಂಪು ನೇಲ್‌ಪಾಲಿಶ್ ಹಚ್ಚೀನಿ. ಒಂಬತ್ತು ಚಾನೆಲ್ ನಂಬರ್ ದೊಡ್ಡ ಅಕ್ಷರದಾಗ ಬರದು ಟಿವಿ ಕೆಳಗ ಅಂಟಿಸೀನಿ.

ಈ ಆಷಾಢದಾಗ ಟೊಂಗಿ ಬಿದ್ದು ಎರಡು ದಿವಸ ಲೈನ್ ಹೋಗಿತ್ತು. ಮೈದುನ ಪುಣೆಯಿಂದ, "ನಾ ಹೇಳಿದ್ದಿಲ್ಲಾ?" ಅಂದ. ಅತ್ತಿಯವರು ತಾವ ಹುಡುಗನಿಗೆ ಫೋನ್ ಹಚ್ಚಿ ಕರಸಿದ್ರು. ಆ ಎರಡು ದಿವಸ ಧಾರವಾಡ ಆಕಾಶವಾಣಿ ಹಚ್ಚಿದ್ರು. 1950ರಾಗ ಶುರು ಆದ ಆ ಸ್ಟೇಷನ್ ಅವರಕಿಂತ ಸ್ವಲ್ಪ ಸಣ್ಣದು, "ಇದು ನನ್ನ ತಂಗಿ ಇದ್ದಂಗ" ಅಂತ ನಗ್ತಾರ. ಅದಕ್ಕ ಛತ್ರಿನೂ ಬ್ಯಾಡ, ವಾಯರೂ ಬ್ಯಾಡ, ಎರಡು ಸೆಲ್ ಸಾಕು.

ಕಾಕುದೂ ಸರಿ ಆತು. ಅವರ ಮುಂದನ ಮಗನಿಗೆ ಫೋನ್ ಹಚ್ಚಿ, "ನಿಮ್ಮ ಅವ್ವಗ ಮರಾಠಿ ಚಾನೆಲ್ ಒಂದು ಬಿಡಿಯಾಗಿ ಸೇರಸಪಾ" ಅಂದೆ. ಅವನಿಗೆ ಪಾಪ ಎದಿ ಧಸಕ್ಕಂತು. "ಅವ್ವಾ, ನಾಲ್ಕು ತಿಂಗಳ ಯಾಕ ಹೇಳಲಿಲ್ಲ?" ಅಂತ ಎರಡು ಸಲ ಕೇಳಿದ. ಮೊಬೈಲಿನ್ಯಾಗ ಒತ್ತಿದ, ನಾವು ಚಹಾ ಕುಡಿಯೋದ್ರಾಗ ಚಾನೆಲ್ ಬಂತು. ಡಿಶ್‌ದ್ದೇನೂ ತಪ್ಪಿರಲಿಲ್ಲ. ಈಗ ಪ್ಯಾಕ್ ಬದಲಿ ಮಾಡೋ ಮೊದಲ ಅವನು ಅವ್ವನ್ನ ಕೇಳ್ತಾನ.

ಹಿಂಗಾಗಿ ಅಕ್ಕಾರ, ಯಾವುದು ಛಲೋ ಅಂತ ನನ್ನ ಕೇಳೋ ಮೊದಲ ನಿಮ್ಮ ಮನ್ಯಾಗ ಇಷ್ಟು ನೋಡ್ರಿ. ಆಗ್ನೇಯದ ಕಡೆ ಆಕಾಶ ಖುಲ್ಲಾ ಅದನೋ ಇಲ್ಲೋ? ಓಣ್ಯಾಗ ಕರೆಂಟ್ ಎಷ್ಟು ಸಲ ಹೋಗ್ತದ? ಓಣಿ ಕೇಬಲ್ ಹುಡುಗ ಕರದ್ರ ಬರ್ತಾನೋ, ಫೋನ್ ಎತ್ತೂದಿಲ್ಲೋ? ಒಂದು ವಾರದ ಹಾಳ್ಯಾಗ ಎಷ್ಟು ಚಾನೆಲ್ ಬಂದವು? ಕಡೀಕ, ಹಗಲೆಲ್ಲಾ ಆ ಟಿವಿ ಮುಂದ ಕೂಡೋರು ಯಾರು, ಅದರ ರೊಕ್ಕ ಕೊಡೋರು ಯಾರು? ಇಬ್ಬರೂ ಒಬ್ಬರ ಆಗಿದ್ರ ಯಾವುದು ಹಾಕಸಿದ್ರೂ ನಡೀತದ. ಬ್ಯಾರೆ ಬ್ಯಾರೆ ಆಗಿದ್ರ, ರೊಕ್ಕ ತುಂಬೋ ಮೊದಲ ಒಂದು ಫೋನ್ ಹಚ್ಚಿ ಕೇಳ್ರಿ. ಅವರು "ಏನಿದ್ರೂ ನಡೀತದ ಬಿಡು" ಅಂತಾರ. ಎರಡನೇ ಸಲ ಕೇಳ್ರಿ.